650 ಗ್ರಾಂ, 15 ದಿನ: ಮಿಷಿಗನ್ ತನ್ನ ಮಾದಕವಸ್ತು ಶಿಕ್ಷೆಯನ್ನು ತಿದ್ದಿಕೊಂಡ ಬಗೆ

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ 1978ರಿಂದ ಎರಡು ದಶಕ ಕಾಲ 650 ಗ್ರಾಂ ಎಂಬ ಅಂಕಿ ಜನರ ಬದುಕನ್ನು ತೀರ್ಮಾನಿಸಿತು. ಕೊಕೇನ್ ಅಥವಾ ಹೆರಾಯಿನ್ ಇರುವ ಪೊಟ್ಟಣ ಅಷ್ಟು ತೂಗಿದರೆ ಶಿಕ್ಷೆ ಒಂದೇ: ಸಾಯುವ ತನಕ ಸೆರೆ, ನಡುವೆ ಬಿಡುಗಡೆ ಇಲ್ಲ. ಮಾರಿದ್ದು ಸಾಬೀತಾಗಬೇಕಿರಲಿಲ್ಲ, ಬಳಿ ಇದ್ದರೆ ಸಾಕಿತ್ತು. ಮೊದಲ ಸಲ ಸಿಕ್ಕಿಬಿದ್ದವರಿಗೂ, ಹತ್ತು ಸಲ ಜೈಲು ಕಂಡವರಿಗೂ ಅದೇ ಶಿಕ್ಷೆ. ಅದೇ ರಾಜ್ಯದಲ್ಲಿ ಇಂದು, ಪ್ರೊಬೇಷನ್ ಮೇಲೆ ಹೊರಗಿರುವ ಒಬ್ಬರು ಮೂತ್ರ ಪರೀಕ್ಷೆ ತಪ್ಪಿಸಿಕೊಂಡರೆ ನ್ಯಾಯಾಧೀಶರು ಮೊದಲ ಸಲಕ್ಕೆ 15 ದಿನಕ್ಕಿಂತ ಹೆಚ್ಚು ಜೈಲಿಗೆ ಕಳಿಸುವಂತಿಲ್ಲ. ಈ ಎರಡು ಅಂಕಿಗಳ ನಡುವಿನ ದಾರಿಯನ್ನು ಶಿಕ್ಷೆ ಕಡಿಮೆಯಾದ ಕಥೆಯೆಂದಷ್ಟೇ ಓದಿದರೆ ಅರ್ಧ ಮಾತ್ರ ಅರ್ಥವಾದೀತು. ಶಿಕ್ಷೆಯನ್ನು ತೀರ್ಮಾನಿಸುವ ಅಧಿಕಾರ ಯಾರ ಕೈಯಲ್ಲಿರಬೇಕು ಎಂಬುದೇ ಅಲ್ಲಿನ ಮುಖ್ಯ ಪ್ರಶ್ನೆ.

ಮುಂದೆ ಹೋಗುವ ಮೊದಲು ಮೂರು ಪದಗಳನ್ನು ಬಿಡಿಸಿಕೊಳ್ಳಬೇಕು. ಅವು ನಮ್ಮಲ್ಲೂ ಬಳಕೆಯಲ್ಲಿವೆ, ಅರ್ಥ ಮಾತ್ರ ಬೇರೆ. ನಮ್ಮಲ್ಲಿ ಪೆರೋಲ್ ಎಂದರೆ ಮನೆಯಲ್ಲಿ ಸಾವೋ ಮದುವೆಯೋ ಇದ್ದಾಗ ಕೈದಿಗೆ ಸಿಗುವ ಕೆಲವು ದಿನಗಳ ರಜೆ. ಮಿಷಿಗನ್‌ನಲ್ಲಿ ಪೆರೋಲ್ ಎಂದರೆ, ಕನಿಷ್ಠ ಅವಧಿ ಮುಗಿಸಿದ ಕೈದಿಯನ್ನು ಪೆರೋಲ್ ಮಂಡಳಿ ನಿಗಾ ಇಟ್ಟು ಹೊರಗೆ ಬಿಡುವುದು. ಪ್ರೊಬೇಷನ್ ಎಂದರೆ ಕೆಲಸಕ್ಕೆ ಸೇರಿದ ಹೊಸದರ ಪರೀಕ್ಷಾವಧಿ ಅಲ್ಲ. ಅಪರಾಧ ಸಾಬೀತಾದ ಮೇಲೂ ಸೆರೆಮನೆಗೆ ಕಳಿಸದೆ, ಷರತ್ತು ಹಾಕಿ ಊರಲ್ಲೇ ಇರಲು ಬಿಡುವ ಶಿಕ್ಷೆ. ಮೂರನೆಯದು ಜೈಲು. ಅಲ್ಲಿ ಜೈಲು ಕೌಂಟಿಗೆ (ನಮ್ಮ ಜಿಲ್ಲೆಯಂಥ ಆಡಳಿತ ಘಟಕಕ್ಕೆ) ಸೇರಿದ್ದು, ಒಂದು ವರ್ಷದ ಒಳಗಿನ ಶಿಕ್ಷೆಗೆ ಮತ್ತು ವಿಚಾರಣೆಗೆ ಕಾಯುವವರಿಗೆ. ಅದಕ್ಕಿಂತ ಹೆಚ್ಚಿನದಕ್ಕೆ ರಾಜ್ಯದ ಸೆರೆಮನೆ. ಮಿಷಿಗನ್‌ನಲ್ಲಿ 83 ಕೌಂಟಿಗಳಿವೆ.

ತಕ್ಕಡಿ ಹೇಳಿದ್ದೇ ತೀರ್ಪು

1990ರ ದಶಕದ ಹೊತ್ತಿಗೆ ಮಾರಾಟದ ಪ್ರಕರಣಗಳಿಗೆ ಶಿಕ್ಷೆಯ ಏಣಿ ಹೀಗಿತ್ತು. 50 ಗ್ರಾಂ ಒಳಗಿದ್ದರೆ 1ರಿಂದ 20 ವರ್ಷ ಸೆರೆ ಅಥವಾ ಜೀವನಪೂರ್ತಿ ಪ್ರೊಬೇಷನ್. 50ರಿಂದ 225 ಗ್ರಾಂ ಒಳಗಿದ್ದರೆ ಕನಿಷ್ಠ 10 ವರ್ಷ. 225ರಿಂದ 650ರ ಒಳಗೆ ಕನಿಷ್ಠ 20 ವರ್ಷ. 650 ಮುಟ್ಟಿದರೆ ಸಾಯುವವರೆಗೆ. 49 ಗ್ರಾಂ ಮತ್ತು 50 ಗ್ರಾಂ ನಡುವೆ ಒಂಬತ್ತು ವರ್ಷದ ಅಂತರ. 649 ಮತ್ತು 650ರ ನಡುವೆ ಉಳಿದ ಆಯುಷ್ಯವೇ ಅಂತರ. ಎರಡು ಪ್ರಕರಣಗಳಿದ್ದರೆ ಶಿಕ್ಷೆಗಳನ್ನು ಒಂದಾದ ಮೇಲೊಂದು ಅನುಭವಿಸಬೇಕಿತ್ತು, ಒಟ್ಟಿಗೆ ನಡೆಸಲು ನ್ಯಾಯಾಧೀಶರಿಗೆ ಅವಕಾಶವಿರಲಿಲ್ಲ.

ತೂಕ ಅಂದರೆ ಯಾವುದರ ತೂಕ? ಇಲ್ಲೇ ಕಾನೂನಿನ ಮರ್ಮ ಇರುವುದು. ಲೆಕ್ಕಕ್ಕೆ ಬರುವುದು ಶುದ್ಧ ಮಾದಕವಸ್ತು ಮಾತ್ರವಲ್ಲ, ಅದು ಬೆರೆತಿರುವ ಇಡೀ ಮಿಶ್ರಣ. ನೂರು ಗ್ರಾಂ ಕೊಕೇನ್‌ಗೆ 560 ಗ್ರಾಂ ಗ್ಲೂಕೋಸ್ ಪುಡಿ ಬೆರೆಸಿದ ಪೊಟ್ಟಣ ಎಂದು ಊಹಿಸಿಕೊಳ್ಳಿ. ತಕ್ಕಡಿ 660 ತೋರಿಸುತ್ತದೆ, ಆಜೀವ ಸೆರೆ. ಶುದ್ಧವಾದ 600 ಗ್ರಾಂ ಹೊತ್ತವನ ಬಳಿ ಆರು ಪಟ್ಟು ಸರಕಿದ್ದರೂ ಅವನು ಕೆಳಗಿನ ಮೆಟ್ಟಿಲಲ್ಲೇ ಉಳಿಯುತ್ತಾನೆ. ಸರಕು ಕೈ ಬದಲಾದಷ್ಟೂ ಬೆರಕೆ ಹೆಚ್ಚುತ್ತದೆ, ಹಾಗಾಗಿ ಮಿಶ್ರಣದ ತೂಕ ಹೆಚ್ಚು ಬಾಧಿಸುವುದು ದಂಧೆಯ ಕೆಳಗಿನ ಮೆಟ್ಟಿಲಲ್ಲಿ ನಿಂತವರನ್ನು. ಈ ತಕರಾರು ಮಿಷಿಗನ್‌ನದ್ದು ಮಾತ್ರವಲ್ಲ. ಭಾರತದ ಮಾದಕವಸ್ತು ತಡೆ ಕಾನೂನಾದ ಎನ್‌ಡಿಪಿಎಸ್ ಕಾಯ್ದೆಯಲ್ಲೂ ಇದೇ ಪ್ರಶ್ನೆ ಎದ್ದು, 2008ರಲ್ಲಿ ಸುಪ್ರೀಂ ಕೋರ್ಟಿನ ಒಂದು ಪೀಠ ಶುದ್ಧ ಅಂಶವನ್ನೇ ಲೆಕ್ಕಕ್ಕೆ ಹಿಡಿಯಬೇಕು ಎಂದಿತ್ತು. 2020ರಲ್ಲಿ ಹೀರಾ ಸಿಂಗ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತಳ್ಳಿ, ಇಡೀ ಮಿಶ್ರಣದ ತೂಕವೇ ಲೆಕ್ಕ ಎಂದು ಹೇಳಿತು.

ಈ ಕಾನೂನು ಗುರಿಯಿಟ್ಟದ್ದು ದಂಧೆಯ ದೊರೆಗಳಿಗೆ. ಸಿಕ್ಕಿಬಿದ್ದವರಲ್ಲಿ ಬಹಳ ಮಂದಿ ಸರಕು ಸಾಗಿಸುವವರು, ಗಾಡಿ ಓಡಿಸುವವರು, ಹಳೆಯ ಅಪರಾಧವೇ ಇಲ್ಲದವರು. ಹೀಗಾಗುವುದಕ್ಕೆ ಕಾರಣವಿದೆ. ದೊಡ್ಡವನು ಸರಕನ್ನು ತಾನು ಹೊರುವುದಿಲ್ಲ. ಒಂದೊಮ್ಮೆ ಸಿಕ್ಕಿಬಿದ್ದರೂ ಅವನ ಬಳಿ ಹೆಸರುಗಳಿರುತ್ತವೆ. ಅವನ್ನು ಪ್ರಾಸಿಕ್ಯೂಟರ್‌ಗೆ (ಸರ್ಕಾರದ ಪರ ಕೇಸು ನಡೆಸುವ ವಕೀಲರಿಗೆ) ಕೊಟ್ಟು ಸಣ್ಣ ಆರೋಪಕ್ಕೆ ಇಳಿಸಿಕೊಳ್ಳಬಲ್ಲ. ಪೊಟ್ಟಣ ಹೊತ್ತವನಿಗೆ ಅದನ್ನು ಕೊಟ್ಟವನ ಪೂರ್ತಿ ಹೆಸರೂ ಗೊತ್ತಿರುವುದಿಲ್ಲ. ಶಿಕ್ಷೆ ಕಡ್ಡಾಯವಾದಾಗ ನ್ಯಾಯಾಧೀಶರ ವಿವೇಚನೆ ಮಾಯವಾಗುತ್ತದೆ ಎಂದು ಹೇಳುವುದುಂಟು. ಅದು ಪೂರ್ತಿ ಸರಿಯಲ್ಲ. ವಿವೇಚನೆ ಅಲ್ಲಿಂದ ಎದ್ದು ಪ್ರಾಸಿಕ್ಯೂಟರ್ ಮೇಜಿಗೆ ಹೋಗಿ ಕೂರುತ್ತದೆ, ಯಾಕೆಂದರೆ ಯಾವ ಆರೋಪ ಹೊರಿಸಬೇಕು ಎಂಬುದೇ ಯಾವ ಶಿಕ್ಷೆ ಎಂಬುದನ್ನು ನಿರ್ಧರಿಸುತ್ತದೆ. ಕೋರ್ಟಿನಲ್ಲಾದರೆ ಕಾರಣವನ್ನು ಎಲ್ಲರೆದುರು ಹೇಳಬೇಕು. ಪ್ರಾಸಿಕ್ಯೂಟರ್ ಕೋಣೆಯಲ್ಲಿ ಹಾಗೆ ಹೇಳಬೇಕಿಲ್ಲ.

“ಮತ್ತು”, “ಅಥವಾ”

1986ರಲ್ಲಿ ಡೆಟ್ರಾಯಿಟ್ ಪಕ್ಕದ ಓಕ್ ಪಾರ್ಕ್‌ನಲ್ಲಿ ಪೊಲೀಸರು ಒಂದು ಕಾರು ತಡೆದರು. 672 ಗ್ರಾಂ ಕೊಕೇನ್ ಸಿಕ್ಕಿತು. ಆರೋಪಿಗೆ ಹಿಂದೆ ಯಾವ ಗಂಭೀರ ಅಪರಾಧದಲ್ಲೂ ಶಿಕ್ಷೆಯಾಗಿರಲಿಲ್ಲ. ಬರೀ ಬಳಿ ಇಟ್ಟುಕೊಂಡದ್ದಕ್ಕೆ ಆಜೀವ ಸೆರೆ ಬಿತ್ತು. ಹಾರ್ಮೆಲಿನ್ ವಿರುದ್ಧ ಮಿಷಿಗನ್ ಎಂಬ ಈ ಪ್ರಕರಣ 1991ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಐವರು ಒಂದು ಕಡೆ, ನಾಲ್ವರು ಇನ್ನೊಂದು ಕಡೆ; ಶಿಕ್ಷೆ ಉಳಿಯಿತು. ಬಹುಮತದ ಕಡೆಯಿಂದ ಬಂದ ಒಂದು ವಾದ ತೆಗೆದುಹಾಕುವಂಥದ್ದಲ್ಲ: ಅಷ್ಟು ಕೊಕೇನ್ ಶುದ್ಧವಾಗಿದ್ದರೆ 32,500ರಿಂದ 65,000 ಸೇವನೆಗೆ ಆಗುತ್ತದೆ, ಸಮಾಜಕ್ಕೆ ಅದರ ಹಾನಿ ಸಣ್ಣದಲ್ಲ ಎಂದು ನ್ಯಾಯಮೂರ್ತಿ ಕೆನಡಿ ಬರೆದರು. ತಕ್ಕಡಿಯ ಪರವಾಗಿ ಹೇಳಬಹುದಾದ ಅತ್ಯಂತ ಬಲವಾದ ಮಾತು ಅದು.

ಮರುವರ್ಷವೇ ಮಿಷಿಗನ್‌ನ ಸುಪ್ರೀಂ ಕೋರ್ಟ್ ಬುಲಕ್ ಪ್ರಕರಣದಲ್ಲಿ ಬೇರೆ ದಾರಿ ಹಿಡಿಯಿತು. ಅದಕ್ಕೆ ನೆರವಾದದ್ದು ಒಂದು ಪುಟ್ಟ ಪದ. ಅಮೆರಿಕದ ಸಂವಿಧಾನ “ಕ್ರೂರ ಮತ್ತು ಅಸಾಮಾನ್ಯ” ಶಿಕ್ಷೆಯನ್ನು ನಿಷೇಧಿಸುತ್ತದೆ. ಮಿಷಿಗನ್‌ನ 1963ರ ಸಂವಿಧಾನದಲ್ಲಿರುವುದು “ಕ್ರೂರ ಅಥವಾ ಅಸಾಮಾನ್ಯ”. ಎರಡರಲ್ಲಿ ಒಂದಿದ್ದರೂ ಸಾಕು ಎಂದಮೇಲೆ ರಾಜ್ಯದ ರಕ್ಷಣೆ ಹೆಚ್ಚು ಅಗಲವಾದದ್ದು ಎಂದು ಕೋರ್ಟ್ ಓದಿಕೊಂಡಿತು. ಬರೀ ಬಳಿ ಇಟ್ಟುಕೊಂಡವರಿಗೆ ಪೆರೋಲ್ ಇಲ್ಲದ ಆಜೀವ ಸೆರೆ ನಿಲ್ಲುವುದಿಲ್ಲ, ಅವರನ್ನು ಪೆರೋಲ್‌ಗೆ ಪರಿಗಣಿಸಬೇಕು ಎಂದಿತು. ಮಾರಿದವರಿಗೆ, ಸಾಗಿಸಿದವರಿಗೆ ಈ ತೀರ್ಪು ದಕ್ಕಲಿಲ್ಲ. ಅಮೆರಿಕದಲ್ಲಿ ಕ್ರಿಮಿನಲ್ ಕಾನೂನು ಬಹುಪಾಲು ರಾಜ್ಯದ್ದು, ರಾಜ್ಯಕ್ಕೂ ತನ್ನದೇ ಸಂವಿಧಾನವಿದೆ. ಒಕ್ಕೂಟದ ಬಾಗಿಲು ಮುಚ್ಚಿದಾಗ ರಾಜ್ಯದ ಬಾಗಿಲು ತೆರೆಯಬಹುದು ಎಂಬುದಕ್ಕೆ ಇಷ್ಟು ಸ್ಪಷ್ಟ ನಿದರ್ಶನ ಸಿಗುವುದು ಅಪರೂಪ.

ಎರಡು ಸಲ ತಿದ್ದಿದ್ದು

ಉಳಿದವರಿಗೆ ದಾರಿ ಬಿಡಬೇಕಾದದ್ದು ಶಾಸಕಾಂಗ. 1978ರಲ್ಲಿ ಈ ಕಾನೂನಿಗೆ ಸಹಿ ಹಾಕಿದ್ದ ಗವರ್ನರ್ ವಿಲಿಯಂ ಮಿಲಿಕನ್ ಅಧಿಕಾರ ಬಿಟ್ಟ ಮೇಲೆ, ಆ ಸಹಿ ತಪ್ಪಾಗಿತ್ತು ಎಂದು ಬಹಿರಂಗವಾಗಿಯೇ ಹೇಳಿದರು. (ಅಲ್ಲಿನ ಗವರ್ನರ್ ನಮ್ಮ ರಾಜ್ಯಪಾಲರಂತಲ್ಲ, ಜನರಿಂದ ಆಯ್ಕೆಯಾಗಿ ಆಡಳಿತ ನಡೆಸುವವರು, ಮುಖ್ಯಮಂತ್ರಿಯ ಹಾಗೆ.) ಆ ಹೊತ್ತಿಗೆ ಇನ್ನೂರಕ್ಕೂ ಹೆಚ್ಚು ಮಂದಿ ಈ ಕಾನೂನಿನಡಿ ಸಾಯುವ ತನಕದ ಸೆರೆ ಅನುಭವಿಸುತ್ತಿದ್ದರು.

1998ರ ತಿದ್ದುಪಡಿ ಎಚ್ಚರಿಕೆಯ ಹೆಜ್ಜೆ. 650 ಗ್ರಾಂ ಮುಟ್ಟಿದ ಹೊಸ ಪ್ರಕರಣಗಳಿಗೆ ಆಜೀವ ಸೆರೆ ಅಥವಾ 20 ವರ್ಷಕ್ಕೆ ಕಡಿಮೆಯಿಲ್ಲದ ಅವಧಿ ಎಂದಾಯಿತು. ಒಳಗಿದ್ದವರಿಗೆ ಪೆರೋಲ್ ಅರ್ಹತೆ ಬಂತು: ಬೇರೆ ಗಂಭೀರ ಅಪರಾಧ ಇಲ್ಲದಿದ್ದರೆ ಹದಿನೇಳೂವರೆ ವರ್ಷದ ನಂತರ, ಇದ್ದರೆ 20 ವರ್ಷದ ನಂತರ. ತನಿಖೆಗೆ ಸಹಕರಿಸಿದವರಿಗೆ ಎರಡೂವರೆ ವರ್ಷ ಕಡಿತ. ಪೆರೋಲ್ ಅರ್ಹತೆ ಎಂದರೆ ಬಿಡುಗಡೆ ಅಲ್ಲ, ಮಂಡಳಿಯ ಮುಂದೆ ಕೂರುವ ಅವಕಾಶ. ಈ ವ್ಯತ್ಯಾಸ ಗೊತ್ತಿಲ್ಲದೆ ಎಷ್ಟೋ ಮನೆಯವರು ಆ ತಾರೀಕನ್ನೇ ಬಿಡುಗಡೆಯ ದಿನ ಎಂದು ನಂಬಿ ಎಣಿಸುತ್ತಾರೆ.

ನಿಜವಾದ ಬದಲಾವಣೆ ಬಂದದ್ದು 2002ರ ಡಿಸೆಂಬರ್‌ನಲ್ಲಿ. ಡೆಟ್ರಾಯಿಟ್‌ನ ಡೆಮಾಕ್ರಟಿಕ್ ಶಾಸಕ ಬಿಲ್ ಮಕಾನಿಕೊ ಮುಂದೆ ನಿಂತು ತಂದ ಮಸೂದೆಗಳಿಗೆ ರಿಪಬ್ಲಿಕನ್ ಗವರ್ನರ್ ಜಾನ್ ಎಂಗ್ಲರ್ ಸಹಿ ಹಾಕಿದರು. 2003ರ ಮಾರ್ಚ್ 1ರಿಂದ ಜಾರಿ. ಅಷ್ಟೂ ಕಡ್ಡಾಯ ಕನಿಷ್ಠ ಶಿಕ್ಷೆಗಳು ಹೋದವು. ತೂಕದ ಏಣಿ ಉಳಿಯಿತು, ಆದರೆ ಅದು ಇನ್ನು ಹೇಳುವುದು ಗರಿಷ್ಠವನ್ನು ಮಾತ್ರ. ಮೆಟ್ಟಿಲುಗಳೂ ಸರಿದವು: 1,000 ಗ್ರಾಂ ಅಥವಾ ಹೆಚ್ಚು ಇದ್ದರೆ ಜೀವಾವಧಿಯವರೆಗೆ, 450ರಿಂದ 1,000ದೊಳಗೆ 30 ವರ್ಷದವರೆಗೆ, 450ರ ಒಳಗಿನ ಮಾರಾಟಕ್ಕೆ 20 ವರ್ಷದವರೆಗೆ. “ರಿಂದ” ಹೋಗಿ “ವರೆಗೆ” ಬಂತು. ಕಾನೂನಿನ ಭಾಷೆಯಲ್ಲಿ ಈ ಎರಡು ಪ್ರತ್ಯಯಗಳ ನಡುವೆ ಒಬ್ಬರ ಇಡೀ ಯೌವನ ಕಳೆದುಹೋಗಬಲ್ಲದು. ಒಂದರ ಮೇಲೊಂದು ಶಿಕ್ಷೆ ಎಂಬುದು ಕಡ್ಡಾಯದಿಂದ ನ್ಯಾಯಾಧೀಶರ ಇಚ್ಛೆಗೆ ಬಂತು. ಜೀವನಪೂರ್ತಿ ಪ್ರೊಬೇಷನ್ ರದ್ದಾಯಿತು. ಅದರಲ್ಲಿದ್ದವರು ಐದು ವರ್ಷ ಮುಗಿಸಿದ್ದರೆ ಬಿಡುಗಡೆಗೆ ಅರ್ಹರಾದರು. ಹಳೆಯ ಕಾನೂನಿನಡಿ ಒಳಗಿದ್ದ ಹಲವರಿಗೆ ಬೇಗನೆ ಪೆರೋಲ್ ಅರ್ಹತೆ ಸಿಕ್ಕಿತು.

ಈಗ ಅಂಕಿ ಹೇಗೆ ಬರುತ್ತದೆ

ಕನಿಷ್ಠ ಶಿಕ್ಷೆಯನ್ನು ಕಾನೂನು ಹೇಳದಿದ್ದರೆ ಯಾರು ಹೇಳುತ್ತಾರೆ? ಮಿಷಿಗನ್‌ನಲ್ಲಿ ಸೆರೆಮನೆ ಶಿಕ್ಷೆಗೆ ಎರಡು ತುದಿ: ಮೇಲಿನದನ್ನು ಕಾನೂನು ಕೊಡುತ್ತದೆ, ಕೆಳಗಿನದನ್ನು ನ್ಯಾಯಾಧೀಶರು ಕಟ್ಟುತ್ತಾರೆ. ಗರಿಷ್ಠ ಇಷ್ಟು ವರ್ಷ ಎಂದಿರುವ ಶಿಕ್ಷೆಯಲ್ಲಿ ಕೆಳತುದಿ ಮೇಲ್ತುದಿಯ ಮೂರನೇ ಎರಡು ಭಾಗ ದಾಟುವಂತಿಲ್ಲ. 20 ವರ್ಷ ಗರಿಷ್ಠವಿದ್ದರೆ ಕನಿಷ್ಠ ಹೆಚ್ಚೆಂದರೆ 13 ವರ್ಷ 4 ತಿಂಗಳು. ಆ ಕನಿಷ್ಠವನ್ನು ಪೂರ್ತಿ ಅನುಭವಿಸಲೇಬೇಕು. 2000ರ ಡಿಸೆಂಬರ್ 15ರಿಂದೀಚೆಗಿನ ಅಪರಾಧಗಳಲ್ಲಿ ಸೆರೆಮನೆ ಸೇರಿದವರಿಗೆ, ನಮ್ಮಲ್ಲಿ ಸನ್ನಡತೆಗೆ ಸಿಗುವಂಥ ದಿನಗಳ ಕಡಿತ ಇಲ್ಲ.

ಕೆಳತುದಿಯನ್ನು ಕಟ್ಟಲು 1999ರಿಂದ ಒಂದು ಅಂಕಪಟ್ಟಿ ಇದೆ. ಆರೋಪಿಯ ಹಿಂದಿನ ದಾಖಲೆಗೆ ಏಳು ಬಾಬ್ತು, ಅಪರಾಧದ ಸ್ವರೂಪಕ್ಕೆ ಇಪ್ಪತ್ತು. ಒಂದೊಂದಕ್ಕೂ ಅಂಕ ಹಾಕಿ ಕೂಡಿದಾಗ ಒಂದು ಚೌಕಳಿಯಲ್ಲಿ ಅಡ್ಡಸಾಲು, ಉದ್ದಸಾಲು ಸಿಗುತ್ತವೆ. ಅವು ಕೂಡುವ ಮನೆಯಲ್ಲಿ ತಿಂಗಳುಗಳ ವ್ಯಾಪ್ತಿ ಬರೆದಿರುತ್ತದೆ. ತೂಕ ಇಲ್ಲಿಯೂ ಇದೆ, ಹದಿನೈದನೇ ಬಾಬ್ತಾಗಿ: 50ರಿಂದ 450 ಗ್ರಾಂ ಒಳಗೆ 50 ಅಂಕ, 450ರಿಂದ 1,000ದೊಳಗೆ 75, ಅದಕ್ಕೂ ಮೇಲೆ 100. ಆದರೆ ಇದು ಹಲವು ಬಾಬ್ತುಗಳಲ್ಲಿ ಒಂದು ಮಾತ್ರ. 60 ಗ್ರಾಂ ಮಾರಿದ, ಹಿಂದಿನ ದಾಖಲೆ ಏನೂ ಇಲ್ಲದ, ಆಯುಧ ಹಿಡಿಯದವರಿಗೆ ಬರುವ ವ್ಯಾಪ್ತಿ ಹಳೆಯ ಹತ್ತು ವರ್ಷಕ್ಕಿಂತ ಬಹಳ ಕೆಳಗಿರುತ್ತದೆ. ಅದೇ 60 ಗ್ರಾಂ, ಜೊತೆಗೆ ಪಿಸ್ತೂಲು, ಎರಡು ಹಳೆಯ ಶಿಕ್ಷೆಗಳಿದ್ದರೆ ಚೌಕಳಿಯ ಇನ್ನೊಂದು ಮೂಲೆಗೆ ಹೋಗುತ್ತೇವೆ. ಮನೆಯಲ್ಲಿ ಬರೆದ ಮೇಲಿನ ಅಂಕಿ 18 ತಿಂಗಳು ಅಥವಾ ಕಡಿಮೆ ಇದ್ದರೆ ಅದು ಸಾಮಾನ್ಯವಾಗಿ ಸೆರೆಮನೆಯ ಪ್ರಕರಣವಲ್ಲ. ಪ್ರೊಬೇಷನ್, ಕೌಂಟಿ ಜೈಲು, ಚಿಕಿತ್ಸೆಯ ಕಡೆ ಹೋಗುತ್ತದೆ.

2015ರಲ್ಲಿ ಲಾಕ್ರಿಜ್ ಪ್ರಕರಣದಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಈ ವ್ಯಾಪ್ತಿ ಸಲಹೆಯೇ ಹೊರತು ಕಟ್ಟಳೆಯಲ್ಲ ಎಂದಿತು. ಅಂಕ ಹಾಕುವುದು ಮಾತ್ರ ಕಡ್ಡಾಯವಾಗಿ ಉಳಿಯಿತು. ಪ್ರಮಾದಗಳಾಗುವುದೂ ಅಲ್ಲೇ. ಒಂದು ಬಾಬ್ತಿಗೆ ತಪ್ಪು ಅಂಕ ಬಿದ್ದು ಚೌಕಳಿಯ ಮನೆಯೇ ಬದಲಾದರೆ, ಶಿಕ್ಷೆಯನ್ನು ಮತ್ತೆ ನಿರ್ಧರಿಸಬೇಕೆಂದು ಮೇಲ್ಮನವಿ ಹಾಕಬಹುದು. ಆದರೆ ಶಿಕ್ಷೆಯ ದಿನವೇ ವಕೀಲರು ಆಕ್ಷೇಪ ದಾಖಲಿಸದಿದ್ದರೆ ಮುಂದಿನ ದಾರಿ ಕಿರಿದಾಗುತ್ತದೆ. ಶಿಕ್ಷೆಗೆ ಮುಂಚೆ ಪ್ರೊಬೇಷನ್ ಇಲಾಖೆ ತಯಾರಿಸುವ ವರದಿಯನ್ನು ಸಾಲು ಸಾಲಾಗಿ ಓದಬೇಕು ಎನ್ನುವುದು ಇದಕ್ಕೇ.

ಹಿಂಬಾಗಿಲು

ಮಾದಕವಸ್ತು ಪ್ರಕರಣದಲ್ಲಿ ಪ್ರೊಬೇಷನ್ ಸಿಕ್ಕವರ ಸಂಕಟ ಬೇರೆ ಥರದ್ದು. ಅವರಲ್ಲಿ ಹಲವರು ಚಟಕ್ಕೆ ಸಿಕ್ಕವರೂ ಹೌದು, ಷರತ್ತುಗಳ ಸಾಲಿನಲ್ಲಿ ಮೊದಲು ಬರುವುದು ಮೂತ್ರ ಪರೀಕ್ಷೆ. ಚಟದಿಂದ ಹೊರಬರುವ ದಾರಿಯಲ್ಲಿ ಜಾರಿ ಬೀಳುವುದು ಸಾಮಾನ್ಯ ಎಂದು ಚಿಕಿತ್ಸೆ ಕೊಡುವವರೆಲ್ಲ ಬಲ್ಲರು. ಹಾಗೆ ಜಾರಿದ ದಿನವೇ ಕೋರ್ಟಿನ ಮಟ್ಟಿಗೆ ಷರತ್ತು ಮುರಿದ ದಿನವೂ ಆಗುತ್ತದೆ. ಷರತ್ತು ಮುರಿದರೆ ಪ್ರೊಬೇಷನ್ ರದ್ದುಮಾಡಿ, ಅದನ್ನು ಕೊಟ್ಟೇ ಇರಲಿಲ್ಲವೇನೋ ಎಂಬಂತೆ ಮೂಲ ಅಪರಾಧಕ್ಕೆ ಹೊಸದಾಗಿ ಶಿಕ್ಷೆ ಕೊಡುವ ಅಧಿಕಾರ ನ್ಯಾಯಾಧೀಶರಿಗಿದೆ. ಹತ್ತು ಗ್ರಾಂ ಕೊಕೇನ್ ಮಾರಿ ಪ್ರೊಬೇಷನ್ ಪಡೆದವರ ತಲೆಯ ಮೇಲೆ 20 ವರ್ಷದವರೆಗಿನ ಸೆರೆ ತೂಗುತ್ತಲೇ ಇರುತ್ತದೆ. 2003ರಲ್ಲಿ ಮುಂಬಾಗಿಲು ಕಿರಿದಾಯಿತು, ಹಿಂಬಾಗಿಲು ಹಾಗೇ ತೆರೆದಿತ್ತು. ಅದನ್ನು ಸಾಬೀತು ಮಾಡುವುದೂ ಸುಲಭ: ಜ್ಯೂರಿ ಇಲ್ಲ, “ಸಂಶಯಾತೀತ” ಎಂಬ ಮಟ್ಟವೂ ಬೇಡ, ನಡೆದಿರುವ ಸಂಭವ ನಡೆಯದಿರುವುದಕ್ಕಿಂತ ಹೆಚ್ಚು ಎಂದು ನ್ಯಾಯಾಧೀಶರಿಗೆ ಮನವರಿಕೆಯಾದರೆ ಸಾಕು.

2019ರ ಏಪ್ರಿಲ್‌ನಲ್ಲಿ ಗವರ್ನರ್ ಗ್ರೆಚೆನ್ ವಿಟ್ಮರ್ ಜೈಲುಗಳ ಸ್ಥಿತಿ ನೋಡಲು ಒಂದು ಕಾರ್ಯಪಡೆ ರಚಿಸಿದರು. ಲೆಫ್ಟಿನೆಂಟ್ ಗವರ್ನರ್ ಗಾರ್ಲಿನ್ ಗಿಲ್‌ಕ್ರಿಸ್ಟ್ ಮತ್ತು ರಾಜ್ಯದ ಮುಖ್ಯ ನ್ಯಾಯಮೂರ್ತಿ ಬ್ರಿಜೆಟ್ ಮಕಾರ್ಮ್ಯಾಕ್ ಅದರ ಜಂಟಿ ಅಧ್ಯಕ್ಷರು. 2020ರ ಜನವರಿಯಲ್ಲಿ ಬಂದ ವರದಿ ಹೇಳಿದ್ದು: ಅಪರಾಧ ಐವತ್ತು ವರ್ಷಗಳಲ್ಲೇ ಕಡಿಮೆ ಮಟ್ಟಕ್ಕೆ ಇಳಿದಿದ್ದರೂ ಕೌಂಟಿ ಜೈಲುಗಳಲ್ಲಿರುವವರ ಸಂಖ್ಯೆ 1970ರ ದಶಕದಿಂದ ಹೆಚ್ಚುಕಡಿಮೆ ಮೂರು ಪಟ್ಟಾಗಿದೆ. ಆ ವರದಿಯಿಂದ ಹುಟ್ಟಿದ ಮಸೂದೆಗಳಿಗೆ 2021ರ ಜನವರಿ 4ರಂದು ಸಹಿ ಬಿತ್ತು. ಅದರಲ್ಲಿ ಪ್ರೊಬೇಷನ್ ಕಾನೂನನ್ನು ತಿದ್ದಿದ್ದು 2020ರ 397ನೇ ಕಾಯ್ದೆ. 2021ರ ಏಪ್ರಿಲ್ 1ರಿಂದ ಜಾರಿ.

ಮೊದಲು ಅವಧಿ. ಗಂಭೀರ ಅಪರಾಧಗಳಿಗೆ ಪ್ರೊಬೇಷನ್ ಐದು ವರ್ಷದವರೆಗೆ ಇದ್ದದ್ದು ಮೂರಕ್ಕೆ ಇಳಿಯಿತು. ಇನ್ನೂ ಈಡೇರದ ನಿರ್ದಿಷ್ಟ ಪುನರ್ವಸತಿ ಗುರಿಯೋ, ಸಂತ್ರಸ್ತರಿಗೆ ನಿರ್ದಿಷ್ಟ ಅಪಾಯವೋ ಇದ್ದರೆ ಒಂದೊಂದು ವರ್ಷದಂತೆ ಎರಡು ಸಲ ಮಾತ್ರ ವಿಸ್ತರಿಸಬಹುದು. ಸಣ್ಣ ಅಪರಾಧಗಳಿಗೆ ಎರಡು ವರ್ಷ. ಕೆಲವು ಅಪರಾಧಗಳಿಗೆ ಈ ಮಿತಿ ಅನ್ವಯಿಸುವುದಿಲ್ಲ. ಷರತ್ತುಗಳು ಆ ವ್ಯಕ್ತಿಯ ಅಪಾಯ, ಅಗತ್ಯಗಳಿಗೆ ಹೊಂದುವಂತಿರಬೇಕು. ಎಲ್ಲರಿಗೂ ಒಂದೇ ಅಚ್ಚಿನ ಪಟ್ಟಿ ಹಚ್ಚುವಂತಿಲ್ಲ. ಎರಡನೆಯದು ಬೇಗ ಬಿಡುಗಡೆ. ಅರ್ಧ ಅವಧಿ ದಾಟಿ, ಹೇಳಿದ ಕಾರ್ಯಕ್ರಮಗಳನ್ನೆಲ್ಲ ಮುಗಿಸಿದವರನ್ನು ಕೋರ್ಟ್ ಪರಿಗಣಿಸಬಹುದು. ಪ್ರಾಮಾಣಿಕವಾಗಿ ಪ್ರಯತ್ನಿಸಿಯೂ ದಂಡ, ಶುಲ್ಕ ಕಟ್ಟಲು ಕೈಲಾಗದಿದ್ದರೆ ಅದೊಂದೇ ಕಾರಣಕ್ಕೆ ನಿರಾಕರಿಸುವಂತಿಲ್ಲ. ಕೌಟುಂಬಿಕ ದೌರ್ಜನ್ಯ, ಲೈಂಗಿಕ ಅಪರಾಧ, ಹಿಂಬಾಲಿಸಿ ಪೀಡಿಸುವಿಕೆ, ಮಾನವ ಸಾಗಣೆಯಂಥವು ಇದರ ಹೊರಗೆ.

ಒಂದು ತಪ್ಪಿದ ಪರೀಕ್ಷೆ

ಮೂರನೆಯದೇ ಈ ಕಾಯ್ದೆಯ ಜೀವಾಳ. ಹತ್ತಿರದಿಂದ ನೋಡೋಣ, ಒಬ್ಬ ಕಾಲ್ಪನಿಕ ವ್ಯಕ್ತಿಯನ್ನಿಟ್ಟುಕೊಂಡು. ಹತ್ತು ಗ್ರಾಂ ಕೊಕೇನ್ ಮಾರಾಟ, ಮೂರು ವರ್ಷ ಪ್ರೊಬೇಷನ್. ದಿನಾ ಬೆಳಗ್ಗೆ ಒಂದು ನಂಬರಿಗೆ ಫೋನ್ ಮಾಡಬೇಕು. ಅವರ ಗುಂಪನ್ನು ಕರೆದಿದ್ದರೆ ಅಂದೇ ಹೋಗಿ ಮೂತ್ರದ ಮಾದರಿ ಕೊಡಬೇಕು. ಒಂದು ಸೋಮವಾರ ಕಾರ್ಖಾನೆಯಲ್ಲಿ ಎರಡು ಪಾಳಿ ಮಾಡಿದ ಆತ ಫೋನ್ ಮಾಡುವುದನ್ನೇ ಮರೆತರು, ಅಂದು ಅವರ ಗುಂಪಿನ ಸರದಿ ಇತ್ತು.

ಅವರ ಮೇಲೆ ನಿಗಾ ಇಡುವ ಪ್ರೊಬೇಷನ್ ಏಜೆಂಟ್ ಕೋರ್ಟಿಗೆ ವರದಿ ಕಳಿಸುತ್ತಾರೆ. ಹಿಂದೆ ಇಂಥ ವರದಿಯ ಬೆನ್ನಿಗೇ ಬಂಧನದ ವಾರಂಟ್ ಹೊರಡಬಹುದಿತ್ತು. ಮುಂದೆ ಎಂದೋ ರಸ್ತೆಯಲ್ಲಿ ಗಾಡಿ ತಡೆದಾಗ ಬಂಧನ, ಜೈಲು, ಕೆಲಸ ಹೋಯಿತು. ಈಗ ತಾಂತ್ರಿಕ ಉಲ್ಲಂಘನೆಗೆ (ಕಾನೂನು ಮುರಿಯದೆ ಬರೀ ಷರತ್ತು ತಪ್ಪಿದ್ದಕ್ಕೆ) ಮೊದಲು ಹೋಗಬೇಕಾದದ್ದು ಸಮನ್ಸ್ ಅಥವಾ ಕಾರಣ ಕೇಳುವ ನೋಟಿಸ್. ವಾರಂಟೇ ಬೇಕೆಂದರೆ, ತಕ್ಷಣದ ಅಪಾಯವಿದೆಯೆಂದೋ ಹಿಂದೆ ಕರೆದಾಗ ಬಂದಿಲ್ಲವೆಂದೋ ನಿರ್ದಿಷ್ಟ ಕಾರಣವನ್ನು ನ್ಯಾಯಾಧೀಶರು ದಾಖಲೆಯಲ್ಲಿ ಹೇಳಬೇಕು. ಪರೀಕ್ಷೆ ತಪ್ಪಿಸಿಕೊಳ್ಳುವುದು, ಪರೀಕ್ಷೆಯಲ್ಲಿ ಫೇಲಾಗುವುದು ಎರಡೂ ತಾಂತ್ರಿಕ ಉಲ್ಲಂಘನೆ ಎಂದು ಕಾಯ್ದೆಯೇ ಬಿಡಿಸಿ ಹೇಳಿದೆ.

ಉಲ್ಲಂಘನೆ ಸಾಬೀತಾದರೆ ಜೈಲಿನ ಮಿತಿ ಮೊದಲ ಸಲ 15 ದಿನ, ಎರಡನೇ ಸಲ 30, ಮೂರನೇ ಸಲ 45. ಸಣ್ಣ ಅಪರಾಧದ ಪ್ರೊಬೇಷನ್ ಆಗಿದ್ದರೆ 5, 10, 15. ಇವು ಗರಿಷ್ಠ ಮಿತಿಗಳು. ಕಳಿಸಲೇಬೇಕೆಂದಿಲ್ಲ, ಎಚ್ಚರಿಕೆ ಕೊಟ್ಟು ಬಿಡಬಹುದು, ಪರೀಕ್ಷೆ ಹೆಚ್ಚಿಸಬಹುದು. ಹೀಗೆ ಮೂರು ಸಲ ಕ್ರಮ ಆದ ಮೇಲೆ ನಾಲ್ಕನೆಯದು ನಡೆದರೆ ಮಾತ್ರ ತಾಂತ್ರಿಕ ಕಾರಣಕ್ಕೆ ಪ್ರೊಬೇಷನ್ ರದ್ದಾಗಬಹುದು, ಆಗ ಉಳಿದ ಪೂರ್ತಿ ಶಿಕ್ಷೆ ಎದುರಾಗುತ್ತದೆ. ಒಂದೇ ಘಟನೆಯಲ್ಲಿ ಎರಡು ಮೂರು ಷರತ್ತು ಮುರಿದಿದ್ದರೆ ಅದನ್ನು ಒಂದೇ ಉಲ್ಲಂಘನೆಯೆಂದು ಎಣಿಸಬೇಕು. ಇಲ್ಲದಿದ್ದರೆ ಒಂದೇ ರಾತ್ರಿಯ ಎಡವಟ್ಟು ಮೂರು ಮೆಟ್ಟಿಲು ಹತ್ತಿಸಿಬಿಡುತ್ತಿತ್ತು.

ವಿಚಾರಣೆಗೆ ಕಾಯುತ್ತಾ ಒಳಗೇ ಕೊಳೆಯುವ ಹಳೆಯ ರೋಗಕ್ಕೂ ಮದ್ದಿದೆ. ಆ ಮೆಟ್ಟಿಲಿನ ಗರಿಷ್ಠ ದಿನಗಳೊಳಗೆ ವಿಚಾರಣೆ ನಡೆಯದಿದ್ದರೆ ವ್ಯಕ್ತಿಯನ್ನು ಪ್ರೊಬೇಷನ್ ನಿಗಾದಡಿ ಹೊರಗೆ ಬಿಡಬೇಕು. ಒಂದು ವಿನಾಯಿತಿ ಇದೆ: ಚಿಕಿತ್ಸಾ ಕೇಂದ್ರದಲ್ಲಿ ಹಾಸಿಗೆ ಸಿಗುವವರೆಗೆ ಇರಲು ಬೇರೆ ಸುರಕ್ಷಿತ ಜಾಗ ಇಲ್ಲದಿದ್ದರೆ ಜೈಲಿನ ದಿನವನ್ನು 45ರವರೆಗೆ ಎಳೆಯಬಹುದು. ಚಿಕಿತ್ಸೆಯ ಹಾಸಿಗೆಯ ಕೊರತೆಗೆ ರೋಗಿ ಜೈಲಿನಲ್ಲಿ ಕೂರುವುದು ಸರಿಯಲ್ಲ ಎಂದೇ ನಮ್ಮ ನಿಲುವು. ಆದರೂ ಹೊರಗೆ ಬಿಟ್ಟ ಮರುದಿನ ಅತಿ ಸೇವನೆಯಿಂದ ಸಾಯುವ ಭಯವನ್ನು ನೆನೆದರೆ ಈ ವಿನಾಯಿತಿ ಯಾಕೆಂಬುದು ಅರ್ಥವಾಗುತ್ತದೆ.

ಮಿತಿ ರಕ್ಷಿಸದ ಜಾಗಗಳು

ಎಲ್ಲಿ ಎಡವುತ್ತಾರೆ ಎಂದರೆ, ಯಾವುದು ತಾಂತ್ರಿಕ ಅಲ್ಲ ಎಂಬಲ್ಲಿ. ಹೆಸರಿಸಿದ ವ್ಯಕ್ತಿಯನ್ನು ಸಂಪರ್ಕಿಸಬಾರದು ಎಂಬ ಆದೇಶ ಮುರಿದರೆ ದಿನಗಳ ಮಿತಿ ಇಲ್ಲ. ಕುಡಿದು ಗಾಡಿ ಓಡಿಸಿದ ಗಂಭೀರ ಪ್ರಕರಣದಲ್ಲಿ ಪ್ರೊಬೇಷನ್ ಪಡೆದವರು ಮತ್ತೆ ಕುಡಿದರೆ ಇಲ್ಲ. ಸತತ 60 ದಿನ ಬೇಕೆಂದೇ ಏಜೆಂಟ್‌ಗೆ ವರದಿ ಮಾಡದೆ, ಇರುವ ಜಾಗ ತಿಳಿಸದೆ ತಲೆಮರೆಸಿಕೊಂಡರೂ ಇಲ್ಲ. ಎಲ್ಲಕ್ಕಿಂತ ಅಗಲವಾದದ್ದು ಕಾನೂನು ಉಲ್ಲಂಘನೆ: ಹೊಸ ಕೇಸು ಹಾಕಿರಲಿ, ಬಿಡಲಿ, ಯಾವುದೇ ಕಾನೂನು ಮುರಿದಿದ್ದರೆ ಅದು ತಾಂತ್ರಿಕ ಅಲ್ಲ. ಮೂತ್ರದಲ್ಲಿ ಕೊಕೇನ್ ಅಂಶ ಕಂಡರೆ 15 ದಿನದ ಮಿತಿ; ಅದೇ ಕೊಕೇನ್ ಜೇಬಿನಲ್ಲಿ ಸಿಕ್ಕರೆ ಮಿತಿ ಇಲ್ಲ. ಹೆದರಿ ಏಜೆಂಟ್‌ರಿಂದ ತಪ್ಪಿಸಿಕೊಂಡು ಓಡಾಡುವವರು ಮಾಡಿಕೊಳ್ಳುವ ಹಾನಿ ದೊಡ್ಡದು. ಪರೀಕ್ಷೆಗೆ ಹೋಗಿ ಫೇಲಾದವರಿಗೆ ಕಾನೂನಿನ ಆಸರೆ ಇದೆ, ಎರಡು ತಿಂಗಳು ಕಾಣೆಯಾದವರಿಗೆ ಇಲ್ಲ.

ಗಾಂಜಾ ಬೇರೆಯದೇ ಅಧ್ಯಾಯ. 2018ರ ಜನಮತದಿಂದ ಮಿಷಿಗನ್‌ನಲ್ಲಿ ವಯಸ್ಕರಿಗೆ ಅದು ಕಾನೂನುಬದ್ಧ. ವೈದ್ಯಕೀಯ ಗಾಂಜಾದ ಕಾರ್ಡು ಇರುವವರಿಗೆ ಪ್ರೊಬೇಷನ್ ಷರತ್ತಿನ ಮೂಲಕ ಅದನ್ನು ನಿಷೇಧಿಸುವಂತಿಲ್ಲ ಎಂದು ರಾಜ್ಯದ ಮೇಲ್ಮನವಿ ನ್ಯಾಯಾಲಯ 2021ರಲ್ಲಿ ತ್ಯೂ ಪ್ರಕರಣದಲ್ಲಿ ಹೇಳಿದೆ.

ಸುಧಾರಣೆ ಎಂದಮಾತ್ರಕ್ಕೆ ಬಿಗಿ ಎಲ್ಲ ಸಡಿಲವಾಗಿಲ್ಲ. ಕೊಟ್ಟ ಮಾದಕವಸ್ತು ಸೇವಿಸಿ ಯಾರಾದರೂ ಸತ್ತರೆ ಕೊಟ್ಟವರಿಗೆ ಜೀವಾವಧಿಯವರೆಗೆ ಶಿಕ್ಷೆ ಇದೆ. ಫೆಂಟನಿಲ್ ಎಂಬ ಅತಿ ಪ್ರಬಲ ಮಾದಕವಸ್ತು ಬಂದ ಮೇಲೆ ಈ ಕಲಮಿನ ಮಹತ್ವ ಹೆಚ್ಚಿದೆ. ಎರಡು ಮಿಲಿಗ್ರಾಂನಷ್ಟು ಕೂಡ ಪ್ರಾಣ ತೆಗೆಯಬಹುದಾದ ವಸ್ತುವಿಗೆ ಕೊಕೇನ್‌ಗಾಗಿ ಮಾಡಿದ ಗ್ರಾಂ ಏಣಿ ಹೊಂದುವುದಿಲ್ಲ. ಅಮೆರಿಕದ ಕೇಂದ್ರ ಸರ್ಕಾರದ ಕಾನೂನಿನಲ್ಲಂತೂ ಕಡ್ಡಾಯ ಕನಿಷ್ಠಗಳು ಹಾಗೇ ಇವೆ: 500 ಗ್ರಾಂ ಕೊಕೇನ್‌ಗೆ 5 ವರ್ಷ, 5 ಕಿಲೋಗೆ 10; ಫೆಂಟನಿಲ್ ಮಿಶ್ರಣ 40 ಗ್ರಾಂ ಇದ್ದರೆ 5, 400 ಗ್ರಾಂ ಇದ್ದರೆ 10. ಅದೇ ಪೊಟ್ಟಣದ ಪ್ರಕರಣವನ್ನು ರಾಜ್ಯದ ಬದಲು ಕೇಂದ್ರದ ಪ್ರಾಸಿಕ್ಯೂಟರ್ ಎತ್ತಿಕೊಂಡರೆ ಮೇಲೆ ಹೇಳಿದ ಯಾವ ತಿದ್ದುಪಡಿಯೂ ನೆರವಿಗೆ ಬರುವುದಿಲ್ಲ.

ಪರಿಣಾಮದ ಮಾತು ಬಂದಾಗ ಒಂದು ಎಚ್ಚರ ಬೇಕು. 2007ರಲ್ಲಿ 51,000 ದಾಟಿದ್ದ ಮಿಷಿಗನ್ ಸೆರೆಮನೆಗಳ ಕೈದಿಗಳ ಸಂಖ್ಯೆ 2020ರ ದಶಕದ ಆರಂಭದಲ್ಲಿ 33,000ದ ಆಸುಪಾಸಿಗೆ ಇಳಿದಿದೆ. ಅದಕ್ಕೆ ಪೆರೋಲ್ ನೀತಿ, ಅಪರಾಧದ ಇಳಿಕೆ, ಕೋವಿಡ್ ಎಲ್ಲವೂ ಕಾರಣ. ಒಂದೇ ಕಾಯ್ದೆಗೆ ಅದರ ಯಶಸ್ಸನ್ನೆಲ್ಲ ಕೊಡುವುದು ಸರಿಯಲ್ಲ.

ಡೆಟ್ರಾಯಿಟ್ ಸುತ್ತಲಿನ ಟ್ರಾಯ್, ನೋವೈ, ಕ್ಯಾಂಟನ್‌ಗಳಲ್ಲಿ ಕಾರು ಕಂಪನಿಗಳ ಕೆಲಸಕ್ಕೆ ಹೋಗಿ ನೆಲೆಸಿದ, ಪಂಪ ಕನ್ನಡ ಕೂಟದ ಹಬ್ಬಗಳಲ್ಲಿ ಸೇರುವ ಕನ್ನಡದ ಮನೆಗಳಿವೆ; ಓದಲು ಹೋದ ಮಕ್ಕಳೂ ಇದ್ದಾರೆ. ಅವರಿಗೆ ಒಂದು ವಿಷಯ ಬಿಡಿಸಿ ಹೇಳಲೇಬೇಕು. ಮಿಷಿಗನ್‌ನಲ್ಲಿ ಮೊದಲ ಸಲ ಮಾದಕವಸ್ತು ಇಟ್ಟುಕೊಂಡು ಸಿಕ್ಕವರಿಗೂ, 26 ತುಂಬದ ಯುವಕರಿಗೂ, ತಪ್ಪೊಪ್ಪಿಕೊಂಡು ಪ್ರೊಬೇಷನ್ ಮುಗಿಸಿದರೆ ಶಿಕ್ಷೆಯೇ ದಾಖಲಾಗದಂತೆ ಕೇಸು ವಜಾ ಮಾಡುವ ಸೌಲಭ್ಯಗಳಿವೆ. ರಾಜ್ಯದ ಕಣ್ಣಲ್ಲಿ ಅದು ಅಪರಾಧ ನಿರ್ಣಯ ಅಲ್ಲ. ವಲಸೆ ಕಾನೂನಿನ ಕಣ್ಣಲ್ಲಿ ಹೌದು. 1996ರಿಂದ ಆ ಕಾನೂನು, ತಪ್ಪೊಪ್ಪಿಗೆಯ ಜೊತೆ ಯಾವುದಾದರೂ ನಿರ್ಬಂಧ ಸೇರಿದರೆ ಅದನ್ನು ಅಪರಾಧ ನಿರ್ಣಯ ಎಂದೇ ಎಣಿಸುತ್ತದೆ. ಯುವಕರ ಸೌಲಭ್ಯದ ಬಗ್ಗೆ ಮಿಷಿಗನ್ ಸೇರಿರುವ, ಕೇಂದ್ರದ ಮೇಲ್ಮನವಿ ನ್ಯಾಯಾಲಯವಾದ ಆರನೇ ಸರ್ಕೀಟ್ 2005ರಲ್ಲೇ ಹೀಗೆ ತೀರ್ಪು ಕೊಟ್ಟಿದೆ. ಸ್ವಂತ ಬಳಕೆಗೆ 30 ಗ್ರಾಂ ಒಳಗೆ ಗಾಂಜಾ ಇಟ್ಟುಕೊಂಡ ಒಂದು ಪ್ರಕರಣ ಬಿಟ್ಟರೆ, ವೀಸಾ ಅಥವಾ ಗ್ರೀನ್ ಕಾರ್ಡ್ ಮೇಲಿರುವವರನ್ನು ಯಾವುದೇ ಮಾದಕವಸ್ತು ಶಿಕ್ಷೆ ಗಡೀಪಾರಿಗೆ ಒಡ್ಡುತ್ತದೆ. ಮಾರಾಟದ ಪ್ರಕರಣವಾದರೆ ಉಳಿಯುವ ದಾರಿಗಳು ಇನ್ನೂ ಕಡಿಮೆ. ಮೂರು ವರ್ಷದ ಪ್ರೊಬೇಷನ್ ಸಿಕ್ಕಿತೆಂದು ಮನೆಯವರು ನಿಟ್ಟುಸಿರು ಬಿಡುವ ಹೊತ್ತಿಗೆ ಗಡೀಪಾರಿನ ನೋಟಿಸ್ ಬಂದಿರಬಹುದು.

ಗಡೀಪಾರಿನ ಅಪಾಯ ತಿಳಿಸುವುದು ವಕೀಲರ ಕರ್ತವ್ಯ ಎಂದು 2010ರಲ್ಲಿ ಪಡಿಯಾ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ತಪ್ಪೊಪ್ಪಿಗೆಯ ಕಾಗದಕ್ಕೆ ಸಹಿ ಹಾಕುವ ಮೊದಲು ಕ್ರಿಮಿನಲ್ ವಕೀಲರ ಜೊತೆ ವಲಸೆ ವಕೀಲರನ್ನೂ ಕೂರಿಸಿ ಕೇಳಬೇಕು: ನಾನು ಒಪ್ಪಿಕೊಳ್ಳುತ್ತಿರುವುದು ಯಾವ ಕಲಮು? ಆ ಕಾಗದದಲ್ಲಿ ವಸ್ತುವಿನ ಹೆಸರು, ತೂಕ ಬರೆದಿದ್ದಾರೆಯೇ? ಇದೇ ಘಟನೆಗೆ ಮಾದಕವಸ್ತುವಿನ ಹೆಸರಿಲ್ಲದ ಬೇರೆ ಕಲಮು ಸಿಗುತ್ತದೆಯೇ? ಪ್ರೊಬೇಷನ್ ಆದೇಶ ಕೈಗೆ ಬಂದ ದಿನ ಅದರ ಕೊನೆಯ ದಿನಾಂಕವನ್ನೂ, ಅರ್ಧ ಅವಧಿ ಮುಗಿಯುವ ದಿನಾಂಕವನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಳ್ಳಿ. ಪ್ರತಿ ಉಲ್ಲಂಘನೆಯ ವಿಚಾರಣೆಯಲ್ಲೂ ಅದು ಎಷ್ಟನೆಯದು, ತಾಂತ್ರಿಕವೇ ಅಲ್ಲವೇ ಎಂಬುದನ್ನು ನ್ಯಾಯಾಧೀಶರ ಬಾಯಿಂದಲೇ ದಾಖಲೆಗೆ ಹೇಳಿಸಿಕೊಳ್ಳುವಂತೆ ವಕೀಲರಿಗೆ ತಿಳಿಸಿ.